5 ಗಂಟೆಗೆ ಏಳುವ ಪಟ್ಟಿ ಒಂಬತ್ತನೇ ದಿನಕ್ಕೆ ಮುಗಿಯಿತು. ನೀವೆಲ್ಲ ನಿಜವಾಗಿ ಏನು ಮಾಡುತ್ತೀರಿ?

ಬನಶಂಕರಿ ಗುಬ್ಬಚ್ಚಿ · ಗುರುವಾರ ರಾತ್ರಿ 11:48

ಸ್ವಲ್ಪ ಉದ್ದ ಇದೆ, ತಾಳ್ಮೆ ಇದ್ದವರು ಓದಿ.

ನನಗೆ 39. ಮನೆ ಬನಶಂಕರಿ, ಆಫೀಸು ವೈಟ್‌ಫೀಲ್ಡ್ ಕಡೆ. ಮೆಜೆಸ್ಟಿಕ್‌ನಲ್ಲಿ ಹಸಿರು ಲೈನು ಇಳಿದು ನೇರಳೆ ಲೈನು ಹತ್ತಬೇಕು. ಮನೆ ಬಾಗಿಲಿನಿಂದ ಆಫೀಸಿನ ಕುರ್ಚಿಗೆ ಒಂದೂವರೆ ಗಂಟೆ. ವಾರಕ್ಕೆ ನಾಲ್ಕು ದಿನ ಹೀಗೆ. ಮನೆಯಲ್ಲಿ ಗಂಡ, ಇಬ್ಬರು ಮಕ್ಕಳು, ಮಂಡಿ ನೋವಿನ ಅತ್ತೆ.

ಸಂಕ್ರಾಂತಿ ಮುಗಿದ ಮಾರನೇ ದಿನ ಒಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. 5:00ಕ್ಕೆ ಏಳುವುದು. 5:10 ಬಿಸಿನೀರಿಗೆ ನಿಂಬೆ. 5:20 ಹನ್ನೆರಡು ಸೂರ್ಯ ನಮಸ್ಕಾರ. 5:45 ಧ್ಯಾನ. 6:00 ಡೈರಿ. ದಿನಕ್ಕೆ 10,000 ಹೆಜ್ಜೆ. ರಾತ್ರಿ 9:30ರ ಮೇಲೆ ಫೋನ್ ಮುಟ್ಟಬಾರದು. ಭಾನುವಾರ ಎಣ್ಣೆ ಸ್ನಾನ. ಮಗಳು ಸುತ್ತ ಹೂಬಳ್ಳಿ ಬೇರೆ ಬರೆದುಕೊಟ್ಟಳು.

ಎಂಟು ದಿನ ನಡೆಯಿತು. ಒಂಬತ್ತನೇ ದಿನ ಬೇಳೆ ಬೇಯಲು ಇಟ್ಟು ಧ್ಯಾನಕ್ಕೆ ಕೂತವಳು ಗೋಡೆಗೆ ಒರಗಿ ನಿದ್ದೆ ಹೋದೆ. ಬೇಳೆ ತಳ ಹಿಡಿದು ಮನೆಯೆಲ್ಲ ಕಮಟು ವಾಸನೆ. ಅತ್ತೆ ಬಂದು ಎಬ್ಬಿಸಿದರು. ಚಿಕ್ಕವನಿಗೆ ಸ್ಕೂಲ್ ವ್ಯಾನ್ ತಪ್ಪಿತು. ಅವತ್ತು ಮೆಜೆಸ್ಟಿಕ್‌ನಲ್ಲಿ ಮೆಟ್ಟಿಲು ಹತ್ತುವಾಗ ಏದುಸಿರು ಬಂದು ಕಂಬಿ ಹಿಡಿದು ನಿಂತೆ. ಸುಮ್ನೆ ಅಳು ಬಂತು. ಯಾಕೆ ಅಂತ ಕೇಳಿದರೆ ಹೇಳಲು ಏನೂ ಇಲ್ಲ. ಹಿಂದೆ ಬರುತ್ತಿದ್ದ ಹುಡುಗಿ "ಆಂಟಿ, ನೀರು ಬೇಕಾ?" ಅಂದಳು. ಆಂಟಿ ಅಂದಿದ್ದಕ್ಕೆ ಇನ್ನಷ್ಟು ಅಳು.

ಈಗ ಹೇಳಿ. ನನಗೆ ಶಿಸ್ತು ಇಲ್ಲವಾ, ಪಟ್ಟಿಯೇ ಸರಿಯಿಲ್ಲವಾ? ತಮ್ಮ ಮೈ ಮನಸ್ಸು ನೋಡಿಕೊಳ್ಳಲು ನೀವೆಲ್ಲ ದಿನಾ ಏನು ಮಾಡುತ್ತೀರಿ? ವಿಡಿಯೊಗಳಲ್ಲಿ ತೋರಿಸುವುದು ಬೇಡ, ನಿಜವಾಗಿ ಮಾಡುವುದು ಬೇಕು.

ಮಂಡ್ಯದ ಮೇಷ್ಟ್ರು · ಶುಕ್ರವಾರ ಬೆಳಗ್ಗೆ 5:02

ತಂಗೀ, ಬೇಸರ ಬೇಡ. ಎಂಟು ದಿನ ಮಾಡಿದ್ದೀಯ ಅಂದರೆ ಎಂಬತ್ತು ದಿನವೂ ಆಗುತ್ತದೆ. ನಾನು ನಿವೃತ್ತ ಶಿಕ್ಷಕ. 36 ವರ್ಷ ತಪ್ಪದೆ 4:30ಕ್ಕೆ ಎದ್ದಿದ್ದೇನೆ. ಎದ್ದ ಕೂಡಲೇ ಕಾಫಿ, ಆಮೇಲೆ ನಾಲೆ ಏರಿಯ ಮೇಲೆ ಒಂದು ಗಂಟೆ ನಡಿಗೆ. ಬಂದು ಸ್ನಾನ, ತಿಂಡಿ. ಇವತ್ತಿಗೂ ಬಿಪಿ ಇಲ್ಲ, ಶುಗರ್ ಇಲ್ಲ. ರಾತ್ರಿ ಬೇಗ ಮಲಗಿದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ. ಈಗಿನವರಿಗೆ ಮೊಬೈಲೇ ಶತ್ರು.

ಕಡ್ಲೆಪುರಿ · ಶುಕ್ರವಾರ ಬೆಳಗ್ಗೆ 7:15

ಮೇಷ್ಟ್ರೇ, ಒಂದೇ ಪ್ರಶ್ನೆ. 4:30ಕ್ಕೆ ಆ ಕಾಫಿ ಮಾಡಿಕೊಡುತ್ತಿದ್ದವರು ಯಾರು?

ರಾಗಿ ಅಂಬಲಿ · ಶುಕ್ರವಾರ ಬೆಳಗ್ಗೆ 7:21

😂😂 ಮೇಷ್ಟ್ರು ಕ್ಲಾಸ್ ಬಿಟ್ಟು ಹೋದರು.

ನೈಟ್ ಡ್ಯೂಟಿ · ಶುಕ್ರವಾರ ಬೆಳಗ್ಗೆ 8:52

ಮಂಗಳೂರಿನಲ್ಲಿ ನರ್ಸ್ ಆಗಿದ್ದೇನೆ. ಈಗ ತಾನೇ ರೂಮಿಗೆ ಬಂದೆ. 5 ಗಂಟೆಗೆ ಏಳಬೇಕು ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಆ ಹೊತ್ತಿಗೆ ನಾನು ವಾರ್ಡಿನಲ್ಲಿ ಡ್ರಿಪ್ ಬದಲಾಯಿಸುತ್ತಾ ಇರುತ್ತೇನೆ. ಹಾಗಾದರೆ ನಮ್ಮಂಥವರಿಗೆ ಆರೋಗ್ಯವೇ ಬೇಡವಾ?

ಮುಖ್ಯ ಆಗುವುದು ಎಷ್ಟು ಹೊತ್ತಿಗೆ ಎದ್ದಿರಿ ಅನ್ನುವುದಲ್ಲ, ಒಟ್ಟು ಎಷ್ಟು ಹೊತ್ತು ಮಲಗಿದಿರಿ ಅನ್ನುವುದು. ದೊಡ್ಡವರಿಗೆ 7 ಗಂಟೆಯಾದರೂ ನಿದ್ದೆ ಬೇಕು. ಗುಬ್ಬಚ್ಚಿ ಅವರು ಈ ಪೋಸ್ಟ್ ಹಾಕಿದ್ದು ರಾತ್ರಿ 11:48ಕ್ಕೆ. ಅಲ್ಲಿಂದ 5 ಗಂಟೆಗೆ ಎಷ್ಟಾಯಿತು ಲೆಕ್ಕ ಹಾಕಿ. ನಿದ್ದೆ ಕದ್ದು ಸೂರ್ಯ ನಮಸ್ಕಾರ ಮಾಡಿದರೆ ಯಾವ ಪುರುಷಾರ್ಥ?

ನಾನು ಮಾಡುವುದು ಇಷ್ಟೇ. ರೂಮಿನ ಕಿಟಕಿಗೆ ಒಳಗಿನಿಂದ ಕ್ಯಾಲೆಂಡರಿನ ದಪ್ಪ ಹಾಳೆ ಅಂಟಿಸಿದ್ದೇನೆ, ಹಗಲು ಕತ್ತಲಾಗಲಿ ಅಂತ. ಕಾಲಿಂಗ್ ಬೆಲ್ಲಿನ ವೈರ್ ಕಿತ್ತು ಹಾಕಿದ್ದೇನೆ. ಡ್ಯೂಟಿ ಮುಗಿಯುವ ನಾಲ್ಕೈದು ಗಂಟೆ ಮೊದಲೇ ಕೊನೆಯ ಚಾ. ಮಲಗುವ ಮುಂಚೆ ಗಂಜಿ, ಉಪ್ಪಿನಕಾಯಿ. ಇದಿಷ್ಟೇ ನನ್ನ ರೊಟೀನ್. ಬಾಗಿಲಿಗೆ "ದಯವಿಟ್ಟು ಬಡಿಯಬೇಡಿ" ಅಂತ ಚೀಟಿ ಹಾಕಿದ್ದೆ. ಮನೆ ಓನರ್ ಬಾಗಿಲು ಬಡಿದು "ಇದೇನು ಚೀಟಿ?" ಅಂತ ಕೇಳಿದರು.

ಲೆಕ್ಕದ ಪುಟ್ಟ · ಶುಕ್ರವಾರ ಬೆಳಗ್ಗೆ 10:30

ಆ 10,000 ಹೆಜ್ಜೆ ಎಲ್ಲಿಂದ ಬಂತು ಗೊತ್ತಾ? ಯಾವುದೋ ದೊಡ್ಡ ಸಂಶೋಧನೆಯಿಂದ ಬಂದದ್ದಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಆದ ಮೇಲೆ ಜಪಾನಿನಲ್ಲಿ ನಡಿಗೆಯ ಹುಚ್ಚು ಹತ್ತಿತು. 1965ರಲ್ಲಿ ಅಲ್ಲಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರ ತಂದು "ಮಾನ್ಪೊ ಕೇ" ಅಂತ ಹೆಸರಿಟ್ಟಿತು. ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಮಾರಲು ಇಟ್ಟ ಹೆಸರು ಅದು. ಈಗ ನಮ್ಮ ಕೈಗಡಿಯಾರವೆಲ್ಲ ಅದನ್ನೇ ಹಿಡಿದುಕೊಂಡು ಬೈಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150 ನಿಮಿಷದಿಂದ 300 ನಿಮಿಷ, ಸಾಧಾರಣ ವೇಗದ ಚಟುವಟಿಕೆ. ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ. 150 ಅಂದರೆ ವಾರಕ್ಕೆ ಐದು ದಿನ ಅರ್ಧ ಗಂಟೆ. ಅದನ್ನೂ ಒಂದೇ ಸಲ ಮಾಡಬೇಕು ಅಂತೇನಿಲ್ಲ. ಮೆಟ್ರೊ ಸ್ಟೇಷನ್ನಿಗೆ ಬಿರಬಿರನೆ ನಡೆದರೆ ಅದೂ ಲೆಕ್ಕಕ್ಕೆ ಬರುತ್ತದೆ. ಗುಬ್ಬಚ್ಚಿ ಅವರೇ, ನೀವು ಆಗಲೇ ಅರ್ಧ ಪಾಸಾಗಿದ್ದೀರಿ.

ಹುಬ್ಬಳ್ಳಿ ಖಡಕ್ · ಶುಕ್ರವಾರ ಬೆಳಗ್ಗೆ 10:44

ಏನ್ರೀ ಪುಟ್ಟ, ಅವರು ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿ ನಿಂತೆ ಅಂತ ಬರೆದಿದ್ದಾರೆ, ನೀವು ಪಾಸು ಫೇಲು ಲೆಕ್ಕ ಹಾಕುತ್ತೀರಲ್ಲ. ಮೊದಲು ಅದನ್ನ ನೋಡ್ರಿ.

ನೇರಳೆ ಮುಚ್ಚಳ · ಶುಕ್ರವಾರ ಮಧ್ಯಾಹ್ನ 1:05

ಖಡಕ್ ಅವರು ಹೇಳಿದ್ದು ಸರಿ. ನಾನು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಡಾಕ್ಟರ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ದಿನಕ್ಕೆ ನೂರು ಕೈ ನೋಡುತ್ತೇನೆ.

ಗುಬ್ಬಚ್ಚಿ ಅಕ್ಕಾ, ಮೂರು ಪ್ರಶ್ನೆ. ಕನ್ನಡಿ ಮುಂದೆ ನಿಂತು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಒಳಗೆ ಕೆಂಪಗಿದೆಯಾ, ಬಿಳಚಿಕೊಂಡಿದೆಯಾ? ತಿಂಗಳ ಮುಟ್ಟು ಜಾಸ್ತಿ ಹೋಗುತ್ತದಾ? ಅಕ್ಕಿ ಆರಿಸುವಾಗ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವ ಚಟ ಇದೆಯಾ?

ಬನಶಂಕರಿ ಗುಬ್ಬಚ್ಚಿ · ಶುಕ್ರವಾರ ಮಧ್ಯಾಹ್ನ 1:31

ಅಯ್ಯೋ, ಅಕ್ಕಿ ವಿಷಯ ನಿಮಗೆ ಹೇಗೆ ಗೊತ್ತಾಯಿತು? ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಕ್ಕಿ ಡಬ್ಬದ ಮುಂದೆ ನಿಂತರೆ ಒಂದು ಹಿಡಿ ಒಳಗೆ ಹೋಗುತ್ತದೆ. ಒಂದು ವರ್ಷದಿಂದ ಇದೆ. ಎರಡನೆಯದಕ್ಕೂ ಹೌದು. ಕಣ್ಣು ರಾತ್ರಿ ನೋಡಿ ಹೇಳುತ್ತೇನೆ.

ನೇರಳೆ ಮುಚ್ಚಳ · ಶುಕ್ರವಾರ ಮಧ್ಯಾಹ್ನ 1:40

ಪಟ್ಟಿ ಹರಿದು ಹಾಕಿ, ಮೊದಲು ಡಾಕ್ಟರ್ ಹತ್ತಿರ ಹೋಗಿ. ಸಿಬಿಸಿ ಅನ್ನುವ ರಕ್ತ ಪರೀಕ್ಷೆ ಬರೆದುಕೊಡುತ್ತಾರೆ, ನೇರಳೆ ಮುಚ್ಚಳದ ಪುಟ್ಟ ಟ್ಯೂಬಿನಲ್ಲಿ ಒಂಚೂರು ರಕ್ತ ತೆಗೆಯುತ್ತಾರೆ, ಅಷ್ಟೇ. ಜೊತೆಗೆ ಥೈರಾಯ್ಡ್, ಬಿ12 ಬೇಕಾ ಅಂತ ಕೇಳಿ. ಬಸುರಿ ಅಲ್ಲದ ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಇದು ನಿಮ್ಮೊಬ್ಬರ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇತ್ತು. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನಬೇಕು ಅನ್ನಿಸುವುದು ಕಬ್ಬಿಣಾಂಶ ಕಮ್ಮಿ ಇದ್ದವರಲ್ಲಿ ನಾವು ನೋಡುತ್ತಲೇ ಇರುತ್ತೇವೆ.

ರಕ್ತ ಇಲ್ಲದ ಮೈಯನ್ನು 5 ಗಂಟೆಗೆ ಎಬ್ಬಿಸಿ ಸೂರ್ಯ ನಮಸ್ಕಾರ ಮಾಡಿಸಿ, ಆಮೇಲೆ ನನಗೆ ಶಿಸ್ತಿಲ್ಲ ಅಂತ ಅಳುತ್ತಿದ್ದೀರಲ್ಲ.

ಪದ ಹೆಕ್ಕುವವ · ಶುಕ್ರವಾರ ಸಂಜೆ 4:20

ಸ್ವಲ್ಪ ಆಚೆ ಹೋಗುತ್ತೇನೆ, ಕ್ಷಮಿಸಿ. "ಸೆಲ್ಫ್ ಕೇರ್" ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳುತ್ತೀರಿ? ಪತ್ರಿಕೆಗಳಲ್ಲಿ "ಸ್ವ ಆರೈಕೆ" ಅಂತ ಬರೆಯುತ್ತಾರೆ. ಕೇಳಲು ವಿಚಿತ್ರ. ಆರೈಕೆ ಅನ್ನುವುದನ್ನು ಇನ್ನೊಬ್ಬರು ಮಾಡಬೇಕು. ಬಾಣಂತಿಗೆ, ಮಗುವಿಗೆ, ಕಾಯಿಲೆಯವರಿಗೆ. ತನಗೆ ತಾನೇ ಆರೈಕೆ ಮಾಡಿಕೊಂಡೆ ಅಂತ ನಮ್ಮ ಮನೆಯಲ್ಲಿ ಯಾರೂ ಹೇಳಿದ್ದು ಕೇಳಿಲ್ಲ.

ಕಡ್ಲೆಪುರಿ · ಶುಕ್ರವಾರ ಸಂಜೆ 4:48

ಬಾಣಂತನದ ಮಾತು ಎತ್ತಿದಿರಿ, ಸರಿಯಾಗಿದೆ. ನನ್ನ ಜೀವನದಲ್ಲಿ ನನ್ನನ್ನು ಯಾರಾದರೂ ಪೂರ್ತಿ ನೋಡಿಕೊಂಡಿದ್ದು ಅಂದರೆ ಅದೊಂದೇ. ಮೂರು ತಿಂಗಳು. ಅಮ್ಮ ಹಂಡೆ ನೀರು ಕಾಯಿಸಿ, ಮೈಗೆಲ್ಲ ಎಣ್ಣೆ ತಿಕ್ಕಿ, ಚೊಂಬಿನಲ್ಲಿ ಬಿಸಿನೀರು ಬೆನ್ನಿಗೆ ರಪ್ಪ ರಪ್ಪ ಅಂತ ಹಾಕುತ್ತಿದ್ದಳು. ತಲೆಗೆ ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ಮೇಲೊಂದು ಸ್ಕಾರ್ಫ್. ತುಪ್ಪ ಅನ್ನ, ಮೆಣಸಿನ ಸಾರು. ಆಗ ಬೈದುಕೊಳ್ಳುತ್ತಿದ್ದೆ. ಈಗ ಯಾರಾದರೂ ಮಗು ಇಲ್ಲದೆ ಬರೀ ಬಾಣಂತನ ಮಾಡುತ್ತೇವೆ ಅಂದರೆ ನಾಳೆಯೇ ಬ್ಯಾಗ್ ತಗೊಂಡು ಹೊರಡುತ್ತೇನೆ.

ರಾಗಿ ಅಂಬಲಿ · ಶುಕ್ರವಾರ ಸಂಜೆ 4:55

ನನ್ನನ್ನೂ ಕರೆದುಕೊಂಡು ಹೋಗಿ. ಗಂಡಸರಿಗೆ ಎಂಟ್ರಿ ಇದೆಯಾ?

ಸಾಗರದ ಕಡೆಯವಳು · ಶುಕ್ರವಾರ ರಾತ್ರಿ 9:10

ಪದ ಹೆಕ್ಕುವವರಿಗೆ: ಪದ ಇರಲಿಲ್ಲ, ಕೆಲಸ ಇತ್ತು. ನಮ್ಮ ಅಜ್ಜಿಯ ಕಥೆ ಹೇಳುತ್ತೇನೆ.

ಕೂಡುಕುಟುಂಬ, ಹದಿನಾಲ್ಕು ಜನ, ಅಡಿಕೆ ಕೊಯ್ಲು ಬಂದರೆ ಆಳುಗಳೂ ಸೇರಿ ಮೂವತ್ತು. ಅಜ್ಜಿ ಮಧ್ಯಾಹ್ನ ಎಲ್ಲರ ಊಟ ಆಗಿ, ಒಲೆ ಸಾರಿಸಿ, ಎರಡು ಗಂಟೆಗೆ ಜಗಲಿಯ ಮೂಲೆಯಲ್ಲಿ ಚಾಪೆ ಹಾಸುತ್ತಿದ್ದಳು. ಕವಳದ ಹರಿವಾಣ ತಂದು ಎಲೆಯ ನಾರು ತೆಗೆದು, ಸುಣ್ಣ ಹಚ್ಚಿ, ನಿಧಾನಕ್ಕೆ ಮಡಚಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆಮೇಲೆ ಕೈಯನ್ನೇ ದಿಂಬು ಮಾಡಿಕೊಂಡು ಮಲಗಿದರೆ ಮೂರೂವರೆವರೆಗೆ ಯಾರೂ ಮಾತಾಡಿಸುವಂತಿಲ್ಲ. ಒಂದು ಸಲ ಅಜ್ಜ ನೆಂಟರು ಬಂದಿದ್ದಾರೆ ಅಂತ ಎಬ್ಬಿಸಲು ಹೋದ. "ಮಜ್ಜಿಗೆ ನೆಲುವಿನಲ್ಲಿದೆ, ಲೋಟ ಅಲ್ಲೇ ಇದೆ" ಅಂದವಳು ಕಣ್ಣು ಬಿಡಲಿಲ್ಲ. ಅಜ್ಜನೇ ನೆಂಟರಿಗೆ ಮಜ್ಜಿಗೆ ಕೊಟ್ಟ.

ಎಲೆ ಅಡಿಕೆ ಆರೋಗ್ಯಕ್ಕೆ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಅಡಿಕೆ ಕ್ಯಾನ್ಸರಿಗೆ ದಾರಿ, ಅದು ನಮ್ಮ ಮನೆಗೇ ಬಂದು ಹೋಗಿದೆ. ಹೇಳಲು ಹೊರಟಿದ್ದು ಆ ಒಂದೂವರೆ ಗಂಟೆಯ ಬಗ್ಗೆ. ಅದನ್ನು ಅಜ್ಜಿ ಯಾರನ್ನೂ ಕೇಳಿ ಪಡೆದಿದ್ದಲ್ಲ. ತಗೊಂಡಳು.

ಲೆಕ್ಕದ ಪುಟ್ಟ · ಶುಕ್ರವಾರ ರಾತ್ರಿ 9:40

ಅದಕ್ಕೂ ಲೆಕ್ಕ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆ ಸಮೀಕ್ಷೆ ಮಾಡಿತ್ತು. ದಿನಕ್ಕೆ ಮನೆಗೆಲಸಕ್ಕೆ ಹೆಂಗಸರು ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಇದರಲ್ಲೂ ಒಂದು ತಮಾಷೆ ಇದೆ. ಆ 97 ನಿಮಿಷ ಎಲ್ಲ ಗಂಡಸರದ್ದಲ್ಲ, ಆ ದಿನ ಮನೆಗೆಲಸಕ್ಕೆ ಕೈ ಹಾಕಿದವರದ್ದು ಮಾತ್ರ. ಕೈ ಹಾಕಿದವರು ನೂರಕ್ಕೆ 26 ಜನ. ಉಳಿದವರು ಲೆಕ್ಕದಲ್ಲೇ ಇಲ್ಲ.

ಗುಬ್ಬಚ್ಚಿ ಅವರ ಪಟ್ಟಿ ಇನ್ನೊಮ್ಮೆ ಓದಿದೆ. ಎಂಟು ಹೊಸ ಕೆಲಸ ಸೇರಿಸಿದ್ದಾರೆ, ಒಂದು ಹಳೆ ಕೆಲಸವೂ ಬಿಟ್ಟಿಲ್ಲ. ಆ ಹೊತ್ತು ಎಲ್ಲಿಂದ ಬಂತು? ನಿದ್ದೆಯಿಂದ.

ಕಡ್ಲೆಪುರಿ · ಶುಕ್ರವಾರ ರಾತ್ರಿ 9:44

ಪುಟ್ಟಾ, ನೀನು ಆ 26ರಲ್ಲಿ ಇದ್ದೀಯಾ?

ಲೆಕ್ಕದ ಪುಟ್ಟ · ಶುಕ್ರವಾರ ರಾತ್ರಿ 9:59

ಪಾತ್ರೆ ತೊಳೆಯುತ್ತೇನೆ. ಕುಕ್ಕರ್ ಬಿಟ್ಟು.

ಮೂರನೇ ಮಹಡಿ · ಶನಿವಾರ ಬೆಳಗಿನ ಜಾವ 1:17

ಗಂಡಸರ ಕಡೆಯಿಂದ ಒಂದು ಮಾತು, ಜಗಳಕ್ಕಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿಸಿ ಎರಡು ದಿನಕ್ಕೆ ಕೆಲಸಕ್ಕೆ ಹೋದೆ. ಎಲ್ಲರೂ ಗಟ್ಟಿ ಮನುಷ್ಯ ಅಂದರು. ಆರು ತಿಂಗಳು ರಾತ್ರಿ ಎರಡು ಗಂಟೆಗೆ ಎಚ್ಚರ ಆಗುವುದು, ಎದೆ ಹೊಡೆದುಕೊಳ್ಳುವುದು. ಟೆರೇಸಿಗೆ ಹೋಗಿ ನೀರಿನ ಟ್ಯಾಂಕ್ ಸುತ್ತ ಸುತ್ತುತ್ತಿದ್ದೆ. ಹೆಂಡತಿ ಕೇಳಿದರೆ ವಾಕಿಂಗ್ ಅನ್ನುತ್ತಿದ್ದೆ. ಜಿಮ್ ಸೇರು ಅಂದರು, ಸೇರಿದೆ. ಪ್ರಾಣಾಯಾಮ ಅಂದರು, ಮಾಡಿದೆ. ಮೈ ಗಟ್ಟಿ ಆಯಿತು, ಎಚ್ಚರ ಆಗುವುದು ನಿಲ್ಲಲಿಲ್ಲ.

ಕೊನೆಗೆ ಒಂದು ರಾತ್ರಿ ಟ್ಯಾಂಕಿನ ಕಟ್ಟೆ ಮೇಲೆ ಕೂತು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರಿಂದ ಇದೆ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆ ಇದ್ದಾಕೆ ಏನೂ ಉಪದೇಶ ಮಾಡಲಿಲ್ಲ. "ಅಪ್ಪನ ಹೆಸರೇನು?" ಅಂತ ಕೇಳಿದರು. ಆರು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. ನಲವತ್ತು ನಿಮಿಷ ಮಾತಾಡಿದೆ. ಆಮೇಲೆ ಡಾಕ್ಟರ್ ಹತ್ತಿರ ಹೋದೆ, ಈಗ ಪರವಾಗಿಲ್ಲ.

ಗುಬ್ಬಚ್ಚಿ ಅವರೇ, ಸುಮ್ನೆ ಅಳು ಬಂತು ಅಂದಿರಲ್ಲ. ರಕ್ತ ಪರೀಕ್ಷೆ ಮಾಡಿಸಿ, ಖಂಡಿತ. ಅದರ ಜೊತೆ ಯಾರ ಹತ್ತಿರವಾದರೂ ಮಾತಾಡಿ.

ನೈಟ್ ಡ್ಯೂಟಿ · ಶನಿವಾರ ಬೆಳಗಿನ ಜಾವ 1:25

ಮೂರನೇ ಮಹಡಿ ಅವರೇ, ಇವತ್ತು 1:17ಕ್ಕೆ ಎಚ್ಚರ ಇದ್ದೀರಲ್ಲ?

ಮೂರನೇ ಮಹಡಿ · ಶನಿವಾರ ಬೆಳಗಿನ ಜಾವ 1:26

ಇವತ್ತು ಕ್ರಿಕೆಟ್ ನೋಡುತ್ತಾ ಕೂತಿದ್ದೆ. ನಿಜವಾಗಿ. ಕೇಳಿದ್ದಕ್ಕೆ ಥ್ಯಾಂಕ್ಸ್.

ಎಡಿನ್‌ಬರೋ ಚಳಿ · ಶನಿವಾರ ಬೆಳಗ್ಗೆ 6:30

ಇಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ 3:40ಕ್ಕೆ ಸೂರ್ಯ ಮುಳುಗುತ್ತಾನೆ. ಯಾರಿಗೆ ನಮಸ್ಕಾರ ಮಾಡಲಿ? ಚಳಿಗಾಲ ಪೂರ್ತಿ ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಮಾತ್ರೆ ತಗೊಳ್ಳಿ ಅಂತ ಇಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ. ಊರಲ್ಲಿರುವವರು ಪುಣ್ಯವಂತರು.

ಹುಬ್ಬಳ್ಳಿ ಖಡಕ್ · ಶನಿವಾರ ಬೆಳಗ್ಗೆ 7:02

ಬಿಸಿಲು ಬೇಕಾದಷ್ಟು ಐತಿ. ಬೆಳಗ್ಗೆಯಿಂದ ಸಂಜೆತನಕ ಎಸಿ ಒಳಗೆ ಕೂತರೆ ಅದು ನಮಗೂ ಸಿಗುವುದಿಲ್ಲರಿ. ನನಗೂ ಡಿ ಕಮ್ಮಿ ಬಂತು, ಅದೂ ಹುಬ್ಬಳ್ಳಿಯೊಳಗ!

ಕೊಬ್ಬರಿ ಗಿಟುಕು · ಶನಿವಾರ ಬೆಳಗ್ಗೆ 8:15

ಯಾರೂ ಎಣ್ಣೆ ಸ್ನಾನದ ಬಗ್ಗೆ ಮಾತಾಡುತ್ತಿಲ್ಲ. ವಾರಕ್ಕೊಮ್ಮೆ ಹರಳೆಣ್ಣೆ ಹಚ್ಚಿ ಒಂದು ಗಂಟೆ ಬಿಟ್ಟು ಸೀಗೆಕಾಯಿ ಹಾಕಿ ತೊಳೆಯಿರಿ. ಆಮೇಲೆ ಬರುವ ನಿದ್ದೆಗೆ ಯಾವ ಧ್ಯಾನವೂ ಸಮ ಇಲ್ಲ.

ಎಳ್ಳುಂಡೆ · ಶನಿವಾರ ಬೆಳಗ್ಗೆ 8:31

ಹರಳೆಣ್ಣೆಯಾ? ಚಳಿಗಾಲದಲ್ಲಿ? ನೆಗಡಿ ಗ್ಯಾರಂಟಿ. ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಬೇಕು. ಅದೂ ಹೆಂಗಸರಿಗೆ ಮಂಗಳವಾರ, ಶುಕ್ರವಾರ. ಭಾನುವಾರ ಅಲ್ಲ.

ಕೊಬ್ಬರಿ ಗಿಟುಕು · ಶನಿವಾರ ಬೆಳಗ್ಗೆ 8:33

ಮಂಗಳವಾರ ಎಣ್ಣೆ ಹಚ್ಚಿಕೊಂಡು ಒಂದು ಗಂಟೆ ಕೂತರೆ ಆಫೀಸಿನಲ್ಲಿ ನನ್ನ ಬದಲು ನಿಮ್ಮ ಎಳ್ಳುಂಡೆ ಹೋಗುತ್ತದಾ?

ನಿರ್ವಾಹಕ · ಶನಿವಾರ ಬೆಳಗ್ಗೆ 9:20

ಎಣ್ಣೆ ಜಗಳದ 23 ಉತ್ತರಗಳನ್ನು ಬೇರೆ ಎಳೆಗೆ ಸಾಗಿಸಿದ್ದೇನೆ. ಅಲ್ಲಿ ಮುಂದುವರಿಸಿ.

ಮಂಡ್ಯದ ಮೇಷ್ಟ್ರು · ಭಾನುವಾರ ಬೆಳಗ್ಗೆ 5:10

ಕಡ್ಲೆಪುರಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು ಅಂತ ನಿನ್ನೆ ಮನೆಯವಳನ್ನು ಕೇಳಿದೆ. ಕಾಫಿ ಡಿಕಾಕ್ಷನ್ ಹಾಕಲು ಅವಳು 4 ಗಂಟೆಗೆ ಏಳುತ್ತಿದ್ದಳಂತೆ. "ನೀವು ಎದ್ದಾಗ ಒಲೆ ಉರಿಯುತ್ತಿದ್ದದ್ದು ತಾನಾಗಿ ಅಂದುಕೊಂಡಿದ್ದಿರಾ?" ಅಂದಳು. ಅವಳಿಗೆ ಬಿಪಿ ಇದೆ, ಶುಗರ್ ಇದೆ. ಒಮ್ಮೆಯೂ ನಾಲೆ ಏರಿಗೆ ಬಂದವಳಲ್ಲ.

ಇವತ್ತು ಕಾಫಿ ನಾನೇ ಮಾಡಿದೆ. ಪುಡಿ ಜಾಸ್ತಿಯಾಗಿ ಕಷಾಯದ ಹಾಗೆ ಆಗಿದೆ. ಅವಳು ಇನ್ನೂ ಮಲಗಿದ್ದಾಳೆ.

ಕಡ್ಲೆಪುರಿ · ಭಾನುವಾರ ಬೆಳಗ್ಗೆ 8:40

ಮೇಷ್ಟ್ರೇ, ಪೂರ್ತಿ ಮಾರ್ಕ್ಸ್. ಎಬ್ಬಿಸಬೇಡಿ.

ಬನಶಂಕರಿ ಗುಬ್ಬಚ್ಚಿ · ನಾಲ್ಕು ವಾರದ ನಂತರ, ಭಾನುವಾರ ಸಂಜೆ 6:15

ಎಲ್ಲರಿಗೂ ಒಂದು ವರದಿ ಕೊಡಬೇಕಿತ್ತು, ತಡವಾಯಿತು.

ಹಿಮೋಗ್ಲೋಬಿನ್ 9.4 ಬಂತು. ಡಾಕ್ಟರ್ ರಿಪೋರ್ಟ್ ನೋಡಿ "ಇಷ್ಟು ದಿನ ಹೇಗೆ ಓಡಾಡಿದಿರಿ?" ಅಂದರು. ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಮುಟ್ಟು ಯಾಕೆ ಜಾಸ್ತಿ ಅಂತ ನೋಡಲು ಸ್ಕ್ಯಾನ್ ಕೂಡ ಆಯಿತು, ಗಾಬರಿ ಆಗುವಂಥದ್ದು ಇಲ್ಲ. ಮಾತ್ರೆ ನುಂಗುವಾಗ ಕಾಫಿ ಕುಡಿಯಬಾರದಂತೆ, ಮೈಗೆ ಹತ್ತುವುದಿಲ್ಲವಂತೆ. ನಾನು ಬೆಳಗ್ಗೆ ಮಾತ್ರೆ ಯಾವುದಿದ್ದರೂ ಕಾಫಿಯಲ್ಲೇ ನುಂಗುವವಳು. ಈಗ ಮಾತ್ರೆ ರಾತ್ರಿ, ನಿಂಬೆ ಪಾನಕದ ಜೊತೆ. ಪಟ್ಟಿಯಲ್ಲಿದ್ದ ನಿಂಬೆ ಒಂದೇ ಉಳಿದದ್ದು. ಸಂಜೆ 5ರ ಕಾಫಿಯನ್ನೂ ಬಿಟ್ಟೆ. ಅದರ ಅರ್ಧ ಅಂಶ ರಾತ್ರಿ 10ಕ್ಕೂ ಮೈಯಲ್ಲೇ ಇರುತ್ತದೆ ಅಂತ ಡಾಕ್ಟರೇ ಹೇಳಿದರು.

ಅಕ್ಕಿ ತಿನ್ನುವುದು ಎರಡು ವಾರಕ್ಕೆ ತಾನಾಗಿ ನಿಂತಿದೆ. ಇದು ನನಗೇ ನಂಬಲು ಆಗುತ್ತಿಲ್ಲ. ನೇರಳೆ ಮುಚ್ಚಳ ಅವರೇ, ನಿಮ್ಮ ಕೈಗೆ ಒಂದು ಬಳೆ ಕೊಡಿಸಬೇಕು.

ಈಗ 6:15ಕ್ಕೆ ಏಳುತ್ತೇನೆ. ಸೂರ್ಯ ನಮಸ್ಕಾರ ಇಲ್ಲ. ಮಧ್ಯಾಹ್ನ ಊಟ ಆದ ಮೇಲೆ ಆಫೀಸ್ ಕಟ್ಟಡ ಎರಡು ಸುತ್ತು ಹಾಕುತ್ತೇನೆ. ಮೆಜೆಸ್ಟಿಕ್ ಮೆಟ್ಟಿಲಲ್ಲಿ ಮಧ್ಯೆ ಒಂದು ಸಲ ನಿಲ್ಲುತ್ತೇನೆ, ಮೊದಲು ಮೂರು ಸಲ ಆಗುತ್ತಿತ್ತು. ಅಕ್ಕನಿಗೆ ದಿನಾ ಮೆಟ್ರೊದಲ್ಲಿ ಕೂತು ಹತ್ತು ನಿಮಿಷ ಫೋನ್ ಮಾಡುತ್ತೇನೆ.

ಸಾಗರದ ಅಜ್ಜಿಯ ಕಥೆಯನ್ನು ಅತ್ತೆಗೆ ಓದಿ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸುಮ್ಮನೆ ಕೇಳಿ, ರಾತ್ರಿ ಊಟಕ್ಕೆ ಕೂತಾಗ ಮಗನಿಗೆ "ಗುರುವಾರ ರಾತ್ರಿ ಅಡುಗೆ ನಿಂದು" ಅಂದರು. ಅಷ್ಟೇ. ವಿವರಣೆ ಇಲ್ಲ. ಮೂರು ಗುರುವಾರ ಆಯಿತು. ಮೂರೂ ಸಲ ಉಪ್ಪಿಟ್ಟು. ಗಂಟು ಗಂಟು, ಒಳಗೆ ರವೆ ಹಾಗೇ ಇರುತ್ತದೆ. ನಾನು ರೂಮಿನ ಬಾಗಿಲು ಹಾಕಿಕೊಂಡು ಕಾಲು ಚಾಚಿ ಮಲಗಿರುತ್ತೇನೆ. ಎರಡನೇ ಗುರುವಾರ ಸಾಸಿವೆ ಎಲ್ಲಿದೆ ಅಂತ ಬಾಗಿಲು ಬಡಿದರು. "ಎರಡನೇ ಶೆಲ್ಫ್, ಎಡಗಡೆ" ಅಂದೆ. ಕಣ್ಣು ಬಿಡಲಿಲ್ಲ.

ಫ್ರಿಜ್ಜಿನ ಪಟ್ಟಿಯ ಹಿಂಭಾಗದಲ್ಲಿ ಈಗ ಹಾಲಿನ ಲೆಕ್ಕ ಬರೆಯುತ್ತಿದ್ದೇವೆ.

ಸಾಗರದ ಕಡೆಯವಳು · ಭಾನುವಾರ ಸಂಜೆ 6:40

ಅಜ್ಜಿ ಇದ್ದಿದ್ದರೆ ನಿಮಗೊಂದು ಚಾಪೆ ಕಳಿಸುತ್ತಿದ್ದಳು.

ನೇರಳೆ ಮುಚ್ಚಳ · ಭಾನುವಾರ ಸಂಜೆ 7:05

ಬಳೆ ಬೇಡ, ಡ್ಯೂಟಿಯಲ್ಲಿ ಹಾಕಿಕೊಳ್ಳುವ ಹಾಗಿಲ್ಲ. ಸರಿಯಾಯಿತು ಅಂತ ಮಾತ್ರೆ ಮಧ್ಯೆ ಬಿಡಬೇಡಿ. ಹಿಮೋಗ್ಲೋಬಿನ್ ಏರಿದ ಮೇಲೂ ಮೈಯಲ್ಲಿ ಕಬ್ಬಿಣದ ದಾಸ್ತಾನು ತುಂಬಲು ತಿಂಗಳುಗಳೇ ಬೇಕು. ಕಕ್ಕಸು ಕಪ್ಪಗೆ ಬಂದರೆ ಹೆದರಬೇಡಿ, ಅದು ಮಾತ್ರೆಯದ್ದೇ ಬಣ್ಣ.

ರಾಗಿ ಅಂಬಲಿ · ಭಾನುವಾರ ಸಂಜೆ 7:11

ಊಟದ ಹೊತ್ತಿಗೆ ಇದನ್ನು ಓದಬೇಕಿತ್ತಾ ನಾನು.

ಮಂಡ್ಯದ ಮೇಷ್ಟ್ರು · ಭಾನುವಾರ ಸಂಜೆ 7:30

ತಂಗೀ, ನಿಮ್ಮ ಯಜಮಾನರಿಗೆ ಹೇಳು: ರವೆಯನ್ನು ಮೊದಲು ಚೆನ್ನಾಗಿ ಹುರಿದುಕೊಳ್ಳಬೇಕು, ನೀರು ಮರಳುವಾಗ ಒಂದು ಕೈಯಲ್ಲಿ ಉದುರಿಸುತ್ತಾ ಇನ್ನೊಂದು ಕೈಯಲ್ಲಿ ಸೌಟು ಆಡಿಸಬೇಕು. ನಾನೂ ಹೋದ ವಾರವಷ್ಟೇ ಕಲಿತೆ.